ನಾಲ್ಕೂ ಇಪ್ಪತ್ತಕ್ಕೆ ನಿಲ್ಲುವ ಪೈಲಟ್

ಕೊನೆಗೂ ಓಡಿತು. ಹದಿನೇಳು ಜ್ಯುವೆಲ್ (ಚಕ್ರಗಳು ಸವೆಯದಂತೆ ಒಳಗೆ ಕೂರಿಸುವ ಪುಟ್ಟ ಕಲ್ಲು) ವಾಚು, ಹದಿನೇಳು ದಿನ ಹಿಡಿಯಿತು. ಕಲ್ಲಿಗೊಂದು ದಿನದ ಪೂಜೆ ಅಂತ ಲೆಕ್ಕ ಹಾಕಿಕೊಂಡೆ.

ಹಿಂದಿನ ಕಥೆ ಇಷ್ಟೇ. ಆನ್‌ಲೈನಿನಲ್ಲಿ 2,800 ರೂಪಾಯಿ ಕೊಟ್ಟು ಕಪ್ಪು ಡಯಲ್ಲಿನ ಎಚ್‌ಎಂಟಿ ಪೈಲಟ್ ವಾಚು ತರಿಸಿದೆ. 'ಒರಿಜಿನಲ್ ಡಯಲ್, ಬಳಸದ ಹಳೇ ಸ್ಟಾಕ್, ಈಗಷ್ಟೇ ಸರ್ವಿಸ್ ಆಗಿದೆ' ಎಂದು ಮೂರು ಸುಳ್ಳು ಒಂದೇ ಸಾಲಿನಲ್ಲಿ ಬರೆದಿದ್ದರು. ಬಳಸದ ವಾಚಿನ ಹಿಂಬದಿ ಮುಚ್ಚಳದ ಮೇಲೆ ಅಷ್ಟೊಂದು ಗೀರು ಎಲ್ಲಿಂದ ಬಂತು ಎಂದು ಆಗಲೇ ಕೇಳಬೇಕಿತ್ತು. ಬಳಸೇ ಇಲ್ಲ ಅಂದಮೇಲೆ ಸರ್ವಿಸ್ ಯಾಕೆ ಮಾಡಿಸಿದ್ರಿ ಅಂತಲೂ ಕೇಳಬೇಕಿತ್ತು. ಕೇಳಲಿಲ್ಲ. ರಾತ್ರಿ ಹನ್ನೊಂದೂವರೆಗೆ 'ಇದೊಂದೇ ಉಳಿದಿದೆ' ಎಂದು ಕಂಡರೆ ಯಾರಿಗೆ ತಾನೇ ಬುದ್ಧಿ ನಿಲ್ಲುತ್ತದೆ?

ಬಿಚ್ಚಿದ್ದು, ತೊಳೆದದ್ದು, ಎಣ್ಣೆ ಬಿಟ್ಟದ್ದು ಬರೆಯುವುದಿಲ್ಲ. ಇದರೊಳಗಿನ ಯಂತ್ರದ ನಂಬರ್ 0231, ಅದನ್ನು ಬಿಚ್ಚಿ ಬಿಚ್ಚಿ ನಮಗೆಲ್ಲ ಕಣ್ಣು ಮುಚ್ಚಿದರೂ ಸ್ಕ್ರೂ ಕಾಣುತ್ತದೆ. ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗ್ ಹೊಸದು ಹಾಕಿದೆ. ವಾಚಿನ ಓಟ ಅಳೆಯುವ ಟೈಮ್‌ಗ್ರಾಫರ್ ಮೇಲೆ ಗೆರೆ ನೇರವಾಗಿ ಬಂತು. ಡಯಲ್ ಕೂರಿಸಿ, ಮುಳ್ಳು ಹಾಕಿ, ಕೀ ಕೊಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ 4:20ಕ್ಕೆ ನಿಂತಿದೆ.

ಅಲ್ಲಾಡಿಸಿದರೆ ಮತ್ತೆ ಓಡುತ್ತದೆ. ಸಂಜೆ ನೋಡಿದರೆ ಮತ್ತೆ 4:20. ಮರುದಿನವೂ ಅಷ್ಟೇ. ಸರ್ಕಾರಿ ಕಚೇರಿಯ ಗುಮಾಸ್ತರೂ ಇಷ್ಟು ಕರಾರುವಾಕ್ಕಾಗಿ ಕೆಲಸ ನಿಲ್ಲಿಸುವುದಿಲ್ಲ.

ಮೊದಲು ಮುಳ್ಳುಗಳ ಮೇಲೆ ಅನುಮಾನ ಬಂತು. ಒಂದಕ್ಕೊಂದು ತಾಗುತ್ತಿರಬಹುದು ಎಂದು ಮೂರನ್ನೂ ತೆಗೆದೆ. ಆಗಲೂ ನಿಂತಿತು. ಇಡೀ ಯಂತ್ರವನ್ನು ಎರಡನೇ ಸಲ ತೊಳೆದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಕೊಳೆ ಗಡಿಯಾರ ನೋಡಿಕೊಂಡು ಬರುವುದಿಲ್ಲ ಅಲ್ವಾ? ನಿಮಿಷಕ್ಕೊಮ್ಮೆ ಎಡವಿದರೆ ತಪ್ಪು ಸೆಕೆಂಡಿನ ಚಕ್ರದ ಕಡೆಯದು. ಗಂಟೆಗೊಮ್ಮೆ ಎಡವಿದರೆ ನಿಮಿಷದ ಮುಳ್ಳು ಹೊರುವ ಕ್ಯಾನನ್ ಪಿನಿಯನ್ ಕಡೆಯದು. ಹನ್ನೆರಡು ಗಂಟೆಗೊಮ್ಮೆ ಎಡವುವುದಕ್ಕೆ ಈ ಯಂತ್ರದಲ್ಲಿ ಅಷ್ಟು ನಿಧಾನವಾಗಿ ತಿರುಗುವುದು ಒಂದೇ ಒಂದು, ಗಂಟೆ ಮುಳ್ಳು ಹೊರುವ ಚಕ್ರ. ಅವರ್ ವೀಲ್. ಇಷ್ಟು ಹೊಳೆಯುವುದಕ್ಕೆ ನನಗೆ ಆರು ದಿನ ಬೇಕಾಯಿತು.

ಡಯಲ್ ತೆಗೆದು ಬರೀ ಯಂತ್ರವನ್ನು ಒಂದೂವರೆ ದಿನ ಓಡಿಸಿದೆ. ನಿಲ್ಲಲಿಲ್ಲ. ಅವರ್ ವೀಲಿನ ಕೊಳವೆಯ ತುದಿಗೆ ಮಾರ್ಕರ್‌ನಲ್ಲಿ ಚುಕ್ಕಿ ಇಟ್ಟು ಡಯಲ್ ಮತ್ತೆ ಕೂರಿಸಿದೆ. ನಿಂತಾಗಲೆಲ್ಲ ಚುಕ್ಕಿ ಒಂದೇ ದಿಕ್ಕಿಗೆ ಮುಖ ಮಾಡಿತ್ತು. ಸರಿ, ಕಳ್ಳ ಡಯಲ್ಲಿನ ಕೆಳಗೇ ಇದ್ದಾನೆ.

ಡಯಲ್ ಮಗುಚಿ ಲೂಪ್ (ಕಣ್ಣಿಗಿಡುವ ಭೂತಗನ್ನಡಿ) ಹಿಡಿದೆ. ನಡುವಿನ ತೂತಿನ ಅಂಚಿನಲ್ಲಿ ಕಪ್ಪು ಬಣ್ಣ ಕೆಳಗಿಳಿದು ಒಣಗಿ ತುಟಿಯ ಹಾಗೆ ಉಬ್ಬಿದೆ. ಅದೂ ಒಂದೇ ಪಕ್ಕದಲ್ಲಿ. ಡಯಲ್ಲನ್ನು ಯಂತ್ರಕ್ಕೆ ಹಿಡಿದಿಡುವ ಎರಡು ಕಾಲುಗಳಲ್ಲಿ ಒಂದು ಮುರಿದಿದೆ. ಅದರ ಜಾಗದಲ್ಲಿ ಡಬಲ್ ಟೇಪ್. ಟೇಪು ಸರಿದು ಡಯಲ್ ಪಕ್ಕಕ್ಕೆ ಜಾರಿದೆ. ಅವರ್ ವೀಲ್ ತೆಗೆದು ಗಾಜಿನ ಮೇಲಿಟ್ಟರೆ ತಟ್ಟೆಯ ಹಾಗೆ ಓಲಾಡಿತು. ಹಿಂದೆ ಯಾರೋ ಮುಳ್ಳು ಕೀಳುವಾಗ ಬಗ್ಗಿಸಿದ್ದಾರೆ. ಬಗ್ಗಿದ ಚಕ್ರದ ಎತ್ತರದ ಬದಿ ತಿರುಗುತ್ತಾ ಬಂದು ಆ ಬಣ್ಣದ ತುಟಿಗೆ ಸಿಕ್ಕಿಕೊಳ್ಳುತ್ತಿದ್ದದ್ದು ಸರಿಯಾಗಿ ನಾಲ್ಕೂ ಇಪ್ಪತ್ತಕ್ಕೆ. ಮೂರು ಸಣ್ಣ ಪಾಪ ಸೇರಿ ಒಂದು ದೊಡ್ಡ ಶನಿ.

ಟಾರ್ಚನ್ನು ಓರೆಯಾಗಿ ಹಿಡಿದಾಗ ಇನ್ನೊಂದು ವಿಷಯ ಕಂಡಿತು. ಕಪ್ಪು ಬಣ್ಣದ ಕೆಳಗೆ ಹಿಂದಿ ಅಕ್ಷರದಲ್ಲಿ 'ಜನತಾ' ಎಂದು, ಎಚ್‌ಎಂಟಿಯದೇ ಇನ್ನೊಂದು ಮಾದರಿಯ ಹೆಸರು, ಉಬ್ಬಿ ನಿಂತಿದೆ. ಹಳೆಯದನ್ನು ಒರೆಸುವ ತೊಂದರೆಯನ್ನೂ ಪುಣ್ಯಾತ್ಮರು ತೆಗೆದುಕೊಂಡಿರಲಿಲ್ಲ. ಪಾಪದ ಜನತಾಗೆ ಪೈಲಟ್ ವೇಷ ಹಾಕಿ ಕಳಿಸಿದ್ದಾರೆ. ಒಳಗಿನ ಯಂತ್ರ ಒಂದೇ ಆದ್ದರಿಂದ ಹಿಂದಿನ ಮುಚ್ಚಳ ತೆಗೆದು ನೋಡಿದರೂ ಗುಟ್ಟು ಬಿಡುವುದಿಲ್ಲ.

ಈ ವೇಷದ ವ್ಯಾಪಾರ ಯಾಕೆ ಎಂದು ನಿಮಗೆ ಗೊತ್ತೇ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಶುರುಮಾಡಿದ ಎಚ್‌ಎಂಟಿ, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಮನೆಮನೆಗೂ ವಾಚು ಕೊಟ್ಟಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಅಲ್ಲಿಯವರೆಗೆ ಅಪ್ಪನ ಬೀರುವಿನಲ್ಲಿ ಸುಮ್ನೆ ಬಿದ್ದಿದ್ದಕ್ಕೆ ಈಗ ಬೆಲೆ. ಜನತಾ ಜಾಸ್ತಿ ಸಿಗುತ್ತದೆ, ಪೈಲಟ್‌ಗೆ ಜಾಸ್ತಿ ಗಿರಾಕಿ. ಮಧ್ಯೆ ಒಂದು ಡಬ್ಬಿ ಕಪ್ಪು ಬಣ್ಣ.

ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಮಾರುವವರ ಫೋಟೊಗಳನ್ನು ಮತ್ತೆ ತೆರೆದು ದೊಡ್ಡದು ಮಾಡಿ ನೋಡಿದೆ. ಎಲ್ಲ ಅದರಲ್ಲೇ ಇತ್ತು. ನಿಮಿಷದ ಗೆರೆಗಳು 12ರ ಹತ್ತಿರ ಕೇಸಿನ ಅಂಚಿಗೆ ಅಂಟಿಕೊಂಡಿವೆ, 6ರ ಹತ್ತಿರ ಜಾಗ ಬಿಟ್ಟಿವೆ. ಅಂದರೆ ಡಯಲ್ ಜಾರಿದೆ. ಗಂಟೆ ಮುಳ್ಳಿನ ಬುಡದಲ್ಲಿ ತೂತು ಎಳೆ ಚಂದ್ರನ ಹಾಗೆ ಒಂದು ಪಕ್ಕ ಇಣುಕುತ್ತಿದೆ. ನಾನು ಮಾತ್ರ ಲೋಗೊ ಸರಿ ಇದೆಯಾ, ಅಕ್ಷರ ದಪ್ಪ ಇದೆಯಾ ಎಂದು ಅರ್ಧ ಗಂಟೆ ನೋಡಿ ಒರಿಜಿನಲ್ ಎಂದು ತೀರ್ಪು ಕೊಟ್ಟಿದ್ದೆ. ಅಕ್ಷರ ಚೆನ್ನಾಗಿ ಬರೆಯುವವರು ಈಗ ಬೇಕಾದಷ್ಟು ಜನ ಇದ್ದಾರೆ. ತೂತು ಮತ್ತು ಅಂಚು ಸರಿ ಮಾಡುವಷ್ಟು ತಾಳ್ಮೆ ಅವರಿಗಿಲ್ಲ. ಈಗ ನಾನು ಮೊದಲು ನೋಡುವುದು ಅವೆರಡನ್ನೇ.

ಅವರು ಕಳಿಸಿದ್ದ ವಿಡಿಯೊ ಮೂವತ್ತು ಸೆಕೆಂಡಿನದು, ಸಮಯ 10:10. ಓಡದೇ ಏನು ಮಾಡೀತು! ಈಗ ಯಾರ ಹತ್ತಿರ ಕೊಳ್ಳುವುದಾದರೂ ಮುಳ್ಳನ್ನು 4:20ಕ್ಕೆ ತಿರುಗಿಸಿ ಒಂದು ಫೋಟೊ ಕಳಿಸಿ ಎನ್ನುತ್ತೇನೆ. ಹುಚ್ಚು ಎಂದುಕೊಳ್ಳಲಿ. ವಾಚು ಅವರ ಕೈಯಲ್ಲಿ ನಿಜವಾಗಿ ಇದೆಯೋ, ಎಲ್ಲಿಂದಲೋ ಎತ್ತಿದ ಫೋಟೊವೋ ಎಂದು ಅಷ್ಟರಲ್ಲೇ ತಿಳಿಯುತ್ತದೆ. ಕಳೆದ ವಾರ ಇಬ್ಬರಿಗೆ ಹೀಗೆ ಕೇಳಿದೆ. ಒಬ್ಬರು ಕಳಿಸಿದರು. ಇನ್ನೊಬ್ಬರು ನನ್ನನ್ನು ಬ್ಲಾಕ್ ಮಾಡಿದರು.

ರಿಪೇರಿಗೆ ಬರೋಣ. ಬಣ್ಣದ ತುಟಿಯನ್ನು ಕೆಳಗಿನಿಂದ ಮೆಲ್ಲಗೆ ಕೆರೆದೆ. ಹೊಸ ಅವರ್ ವೀಲ್ ಆರ್ಡರ್ ಮಾಡಿದೆ. ಬಂದದ್ದು ಎತ್ತರದ ಕೊಳವೆಯ ಬೇರೆ ಯಾವುದೋ ವಾಚಿನದು. ಹೆಸರೇ ಅವರ್ ವೀಲ್, ಅವರದ್ದೇ ಇರಲಿ ಎಂದು ವಾಪಸ್ ಕಳಿಸಿದೆ. ಅದೇ ಅಂಗಡಿಯ ಗಾಜೂ ಅಷ್ಟೇ. ಹೇಳಿದ್ದಕ್ಕಿಂತ ಅರ್ಧ ಮಿಲಿಮೀಟರ್ ಸಣ್ಣದು, ಬರೀ ಕಾಗದದ ಲಕೋಟೆಯಲ್ಲಿ ಬಂತು, ಜೊತೆಗೆ 'ಐದು ಸ್ಟಾರ್ ಕೊಡಿ' ಎಂಬ ಚೀಟಿ. ಚೀಟಿಗೆ ಮಾತ್ರ ಪ್ಲಾಸ್ಟಿಕ್ ಹೊದಿಕೆ! ಕೊನೆಗೆ ಡಬ್ಬಿಯಲ್ಲಿದ್ದ ಸತ್ತ ಜನತಾ ಒಂದರಿಂದ ಚಕ್ರ ತೆಗೆದೆ. ಜನತಾಗೆ ಜನತಾದ್ದೇ ರಕ್ತ. ಮುರಿದ ಕಾಲನ್ನು ಬೆಸುಗೆ ಹಾಕಿದರೆ ಡಯಲ್ಲಿನ ಮುಂಬದಿಯ ಬಣ್ಣ ಸುಡುತ್ತದೆ. ಹಾಗಾಗಿ ತೆಳು ಡಯಲ್ ಡಾಟ್ (ಎರಡೂ ಬದಿ ಅಂಟುವ ಪುಟ್ಟ ಚುಕ್ಕಿ) ಹಾಕಿ, ತೂತು ನಡುವಿಗೆ ಬರುವ ಹಾಗೆ ನೋಡಿ ಕೂರಿಸಿದೆ. ನನ್ನದೂ ಟೇಪಿನ ಕೆಲಸವೇ, ಒಪ್ಪುತ್ತೇನೆ. ಆದರೆ ನಾನು ಇದನ್ನು ಮಾರುತ್ತಿಲ್ಲ.

ಮುಂದಿನದು ಜಪಾನಿನ ಸೀಕೊ 5 ವಾಚು. ಬ್ಲಾಕ್ ಮಾಡದೆ ಫೋಟೊ ಕಳಿಸಿದವರದ್ದು. '1960ರ ದಶಕದ್ದು' ಎಂದು ಬರೆದಿದ್ದರು. ಹಿಂಬದಿಯಲ್ಲಿ 7009 ಎಂದಿದೆ, ಆ ಯಂತ್ರ ಬಂದದ್ದೇ ಎಪ್ಪತ್ತರ ದಶಕದಲ್ಲಿ. ಸೀರಿಯಲ್ ನಂಬರಿನ ಮೊದಲ ಅಂಕಿ 4. ಅದು ವರ್ಷದ ಕೊನೆಯ ಅಂಕಿ. ಎರಡನೆಯದು N, ಅಂದರೆ ನವೆಂಬರ್. ಬಹುಶಃ 1984. ಇದನ್ನು ತೋರಿಸಿ 400 ರೂಪಾಯಿ ಇಳಿಸಿದೆ. ಡಯಲ್ ಕಿತ್ತಳೆ ಬಣ್ಣದ್ದು, ಖಂಡಿತ ರೀಡಯಲ್, ಅಂದರೆ ಮತ್ತೆ ಬಣ್ಣ ಬಳಿದದ್ದು. ಗೊತ್ತಿದ್ದೇ ತೆಗೆದುಕೊಂಡೆ, ಯಂತ್ರಕ್ಕಾಗಿ. ಅದರ ಡಯಲ್ ಬಣ್ಣ ತೆಗೆದು ಕನ್ನಡ ಅಂಕಿ ಬರೆಯುವ ಆಸೆ ಇದೆ. ೬ ಮತ್ತು ೯ ಸಣ್ಣದಾಗಿ ಬರೆದರೆ ಒಂದರ ಹಾಗೆ ಒಂದು ಕಾಣುತ್ತದೆ, ಕೈ ಪಳಗಿಸುತ್ತಿದ್ದೇನೆ. ಹಿಂದೆ ದೊಡ್ಡದಾಗಿ 'ಇದು ರೀಡಯಲ್' ಎಂದು ಕೆತ್ತಿಸುತ್ತೇನೆ.

ನಿನ್ನೆ ಸಂಜೆ ನಾಲ್ಕಕ್ಕೇ ಚಹಾ ಹಿಡಿದು ಪೈಲಟ್ ಮುಂದೆ ಕೂತೆ. 4:19. 4:20. ಸೆಕೆಂಡಿನ ಮುಳ್ಳು ಒಂದು ಸುತ್ತು ಹೊಡೆಯಿತು. 4:21. ಮನೆಯವರನ್ನು ಕೂಗಿದೆ. 'ವಾಚು ಓಡೋದು ನೋಡೋಕೆ ಕರೆದ್ರಾ?' ಎಂದು ಒಳಗೆ ಹೋದರು.

ಈಗ ದಿನಕ್ಕೆ 25 ಸೆಕೆಂಡ್ ಮುಂದೆ ಓಡುತ್ತಿದೆ. ಮುಟ್ಟುವುದಿಲ್ಲ.