ಒಂದು ಸೀಸೆ ಮದ್ದಿಗಾಗಿ

ಜನವರಿಯ ಒಂದು ಶನಿವಾರ. ಅಕ್ಕ ಊರಿಂದ ಬಂದಿದ್ದಳು, ಜೊತೆಗೆ ಒಂದು ಚೀಲ ಅವರೆಕಾಯಿ. ಮಧ್ಯಾಹ್ನವೇ ಕಾಳು ಬಿಡಿಸಿ ನೆನೆಹಾಕಿದ್ದೆವು. ರಾತ್ರಿ ಊಟ ಆದಮೇಲೆ ಅವಳು ಪಾತ್ರೆ ಹಿಡಿದು ನನ್ನ ಬೆನ್ನ ಹಿಂದೆ ಮಂಚದ ಮೇಲೆ ಕೂತು ಹಿತಕತೊಡಗಿದಳು. ನಾನು ಕಂಪ್ಯೂಟರ್ ಮುಂದೆ. ಸಹಾಯ ಮಾಡು ಅಂತ ಅವಳು ಕೇಳಲಿಲ್ಲ, ನಾನೂ ಸುಮ್ನೆ ಇದ್ದೆ.

ಆಡುತ್ತಿದ್ದದ್ದು ಬಾಲ್ಡರ್ಸ್ ಗೇಟ್ 3. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ಆಟ. 150 ಜಿಬಿ ಜಾಗ ಬೇಕು, ಅದಕ್ಕೆ ಮನೆಯ ಹಳೇ ಫೋಟೋಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಸಾಗಿಸಿದ್ದೆ. ನೀವೊಬ್ಬ ನಾಯಕ ಅಥವಾ ನಾಯಕಿ. ಜೊತೆಗೆ ಒಂದಷ್ಟು ಸಂಗಾತಿಗಳು. ಅವರೊಡನೆ ಮಾತು, ಜಗಳ, ಸ್ನೇಹ, ಬೇಕಾದರೆ ಪ್ರೀತಿ. ನೀವು ಮಾಡಿದ್ದು ಅವರಿಗೆ ಹಿಡಿಸಿತಾ ಇಲ್ಲವಾ ಅನ್ನೋದು ಪರದೆಯ ಮೂಲೆಯಲ್ಲಿ ಸಣ್ಣಗೆ ಬರುತ್ತದೆ.

ಆ ಸಂಗಾತಿಗಳಲ್ಲಿ ಒಬ್ಬ ಆಸ್ಟೇರಿಯನ್. ರಕ್ತ ಕುಡಿಯುವ ಜಾತಿ. ಕಜಡೋರ್ ಎಂಬ ಒಡೆಯನ ಕೈಯಲ್ಲಿ 200 ವರ್ಷ ಗುಲಾಮನಾಗಿದ್ದವನು. ತನ್ನ ರೂಪ ತೋರಿಸಿ ಜನರನ್ನು ಸೆಳೆದು ಒಡೆಯನ ಬಳಿಗೆ ತರುವುದು ಅವನ ಕೆಲಸ. ಬೇಡ ಅನ್ನುವ ಅವಕಾಶವೇ ಇರಲಿಲ್ಲ. ಈಗ ತಪ್ಪಿಸಿಕೊಂಡು ನನ್ನ ಗುಂಪಿಗೆ ಬಂದಿದ್ದಾನೆ. ಕೊಂಕು ಮಾತು, ಸದಾ ನಗು. ನನ್ನ ಪಾತ್ರಕ್ಕೂ ಅವನಿಗೂ ಮೊದಲ ಭಾಗದಲ್ಲೇ ಪ್ರೀತಿ ಹತ್ತಿಕೊಂಡಿತ್ತು.

ಹತ್ತಿಕೊಂಡಿತ್ತು ಅಂದೆ. ಆದರೆ ಲೆಕ್ಕ ನೋಡಿ. ಅವನು ಏನು ಉಡಬೇಕು, ಯಾವ ವಿದ್ಯೆ ಕಲಿಯಬೇಕು, ಇವತ್ತು ಜೊತೆಗೆ ಬರಬೇಕಾ, ಬಿಡಾರದಲ್ಲೇ ಬಿದ್ದಿರಬೇಕಾ, ಎಲ್ಲ ತೀರ್ಮಾನವೂ ನನ್ನದೇ. ಅವನ ಚೀಲಕ್ಕೆ ನಾನು ಯಾವಾಗ ಬೇಕಾದರೂ ಕೈ ಹಾಕಬಹುದು. ಇಂಥವನು ಪ್ರೀತಿ ಮಾಡಿದರೆ ಅದರಲ್ಲಿ ಪ್ರೀತಿ ಎಷ್ಟು, ಹೆದರಿಕೆ ಎಷ್ಟು? ಆವರೆಗೆ ನನಗೆ ಈ ಯೋಚನೆ ಬಂದಿರಲಿಲ್ಲ. ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟ ಆಡಿ ಬೆಳೆದ ಕೈ ನನ್ನದು. ಅಲ್ಲಿ ವಾರಕ್ಕೆ ಎರಡು ಉಡುಗೊರೆ ಕೊಟ್ಟುಕೊಂಡು ಹೋಗಿ, ಸ್ನೇಹದ ಅಳತೆಯಾದ ಹೃದಯದ ಗುರುತು ಎಂಟು ತುಂಬಿದ ಮೇಲೆ ಹೂಗುಚ್ಛ ಕೊಟ್ಟರೆ ಮುಗೀತು. ಥೇಟ್ ಚೀಟಿ ಕಟ್ಟಿದ ಹಾಗೆ.

ಆ ರಾತ್ರಿ ಮೂನ್‌ರೈಸ್ ಟವರ್ಸ್ ಎಂಬ ಕೋಟೆ ತಲುಪಿದ್ದೆ. ಅಲ್ಲಿ ಅರಾಜ್ ಅಂತ ಒಬ್ಬಳು ರಕ್ತದ ವ್ಯಾಪಾರಿ. ಆಸ್ಟೇರಿಯನ್ ಎಂಥವನೆಂದು ಗೊತ್ತಾದ ಕೂಡಲೇ ಅವಳ ಕಣ್ಣು ಅರಳಿತು. ಅವನು ತನ್ನನ್ನು ಕಚ್ಚಬೇಕಂತೆ. ಕಚ್ಚಿದರೆ ನನಗೊಂದು ಸೀಸೆ ಮದ್ದು. ಕುಡಿದವರ ಬಲ ಶಾಶ್ವತವಾಗಿ ಎರಡು ಅಂಕ ಏರುತ್ತದೆ. ನನ್ನ ಪಾತ್ರ ಕತ್ತಿವರಸೆಯದು, ಬಲ 18. ಕುಡಿದರೆ 20. ಬಾಯಲ್ಲಿ ನೀರೂರಿತು.

ಆಸ್ಟೇರಿಯನ್ ಬೇಡ ಅಂದ. ಅವಳ ರಕ್ತದ ವಾಸನೆಯೇ ಸರಿಯಿಲ್ಲ, ನನಗಾಗಲ್ಲ ಅಂತ.

ನಮ್ಮ ಮನೆಗಳಲ್ಲಿ ಬೇಡ ಅಂದರೆ ಚೌಕಾಸಿ ಶುರುವಾಯಿತು ಅಂತಲೇ ಅರ್ಥ, ಅಲ್ವಾ? ಎಲೆಗೆ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಇನ್ನೊಂದು ಹೋಳಿಗೆ ಜಾರಿಸುತ್ತಾರೆ. ನೆಂಟರ ಮುಂದೆ ಹಾಡಲ್ಲ ಅಂದರೆ, ‘ಒಂದೇ ಒಂದು, ಪುಟ್ಟ’ ಅನ್ನುತ್ತಾರೆ. ನಾನೂ ಅದೇ ಧಾಟಿಯಲ್ಲಿ, ಒಂದು ಸಲ ತಾನೇ ಅನ್ನೋ ಥರದ ಮಾತನ್ನು ಪರದೆಯ ಮೇಲೆ ಬರುವ ಉತ್ತರಗಳ ಪಟ್ಟಿಯಿಂದ ಆರಿಸಿದೆ. ಅವನು ಕಚ್ಚಿದ. ಮುಖ ಕಿವುಚಿತು. ಮೂಲೆಯಲ್ಲಿ ‘ಆಸ್ಟೇರಿಯನ್‌ಗೆ ಹಿಡಿಸಲಿಲ್ಲ’ ಅಂತ ಬಂತು. ಸೀಸೆ ನನ್ನ ಚೀಲಕ್ಕೆ ಬಿತ್ತು.

ಹಿಂದಿನಿಂದ ಬರುತ್ತಿದ್ದ ಪುಚುಕ್ ಪುಚುಕ್ ಸದ್ದು ನಿಂತಿತು.

‘ಅವನು ಬೇಡ ಅಂದ್ನಲ್ಲೋ?’

‘ಆಟ ಅಕ್ಕ ಇದು.’

‘ಅದಕ್ಕೇ ಕೇಳ್ದೆ. ಆಟದಲ್ಲೂ ಯಾಕೆ?’

ಉತ್ತರ ಹೊಳೆಯಲಿಲ್ಲ. ಅವಳು ಮತ್ತೆ ಹಿತಕತೊಡಗಿದಳು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಒತ್ತಿದರೆ ಬೇಳೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಪರದೆಯ ಮೇಲೆ ಅವನು ನಿಂತಿದ್ದ. ನೀಲ್ ನ್ಯೂಬನ್ ಎಂಬ ನಟ ಆ ಪಾತ್ರಕ್ಕೆ ದನಿಯಷ್ಟೇ ಅಲ್ಲ, ಮೈಯ ಚಲನೆಯನ್ನೂ ಕೊಟ್ಟಿದ್ದಾರೆ. 2023ರ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಅಭಿನಯದ ಪ್ರಶಸ್ತಿ ಸುಮ್ನೆ ಬಂದಿಲ್ಲ. ಎರಡು ಅಂಕದ ಬಲ ಅಂದರೆ, ಏಟು ತಗುಲಿತಾ ಇಲ್ಲವಾ ಅಂತ ತೀರ್ಮಾನಿಸುವ 20 ಮುಖದ ದಾಳದಲ್ಲಿ ಹೆಚ್ಚುವುದು ಒಂದೇ ಒಂದು ಅಂಕ, ಏಟಿಗೂ ಇನ್ನೊಂದು. ಅಷ್ಟಕ್ಕೆ 200 ವರ್ಷ ಅವನ ಒಡೆಯ ಮಾಡಿಸಿದ್ದನ್ನೇ ನಾನೂ ಮಾಡಿಸಿದ್ದೆ.

ಯಾವ ಮಾತುಕತೆಗೂ ಮೊದಲು ಎಫ್5 ಒತ್ತಿ ಆಟ ಉಳಿಸಿಕೊಳ್ಳುವುದು ನನ್ನ ಚಟ. ಎಫ್8 ಒತ್ತಿದೆ. ಕಾಲ ಹಿಂದಕ್ಕೆ ಹೋಯಿತು. ಸೀಸೆ ಮಾಯ. ಅರಾಜ್ ಮತ್ತೆ ಅದೇ ಉತ್ಸಾಹದಲ್ಲಿ ಕೇಳಿದಳು, ಅವನು ಮತ್ತೆ ಬೇಡ ಅಂದ. ಈ ಸಲ, ಅವನು ಆಗಲ್ಲ ಅಂದನಲ್ಲ, ಅಲ್ಲಿಗೆ ಮುಗೀತು ಅನ್ನುವ ಮಾತನ್ನು ಆರಿಸಿದೆ. ಅಕ್ಕ ‘ಹ್ಞಾಂ’ ಅಂದಳು.

ಆಮೇಲೆ ಅವನನ್ನು ಮಾತಾಡಿಸಿದೆ. ಆಟ ನನ್ನನ್ನು ಸಿಕ್ಕಿಸಿದ್ದು ಅಲ್ಲೇ. ಅವನು ನನಗೆ ಋಣಿಯಂತೆ. ಆ ಹೆಂಗಸಿನ ಮುಂದೆ ಹೋಗು ಅಂತ ನಾನು ಹೇಳಬಹುದಿತ್ತಂತೆ, ಹೇಳಲಿಲ್ಲವಂತೆ. ಇನ್ನೂ ಒಂದು ಬಾಯಿಬಿಟ್ಟ: ಮೊದಲಿಗೆ ನನ್ನ ಹತ್ತಿರ ಬಂದದ್ದು ಪ್ರೀತಿಯಿಂದ ಅಲ್ಲ. ಬಲ ಇರುವವರನ್ನು ಒಲಿಸಿಕೊಂಡರೆ ತನ್ನ ಜೀವ ಉಳಿಯುತ್ತದೆ ಅನ್ನೋ ಲೆಕ್ಕ. ಅವನಿಗೆ ಗೊತ್ತಿದ್ದ ದಾರಿ ಅದೊಂದೇ. ಈಗ ಅದು ಬೇಡ, ನಿಜವಾದದ್ದು ಬೇಕು ಅಂದ.

ಅವನು ಎಲ್ಲ ಒಪ್ಪಿಕೊಂಡ. ನಾನು? ಹತ್ತು ನಿಮಿಷದ ಹಿಂದೆ ಅವನನ್ನು ಅವಳ ಮುಂದೆ ತಳ್ಳಿದ್ದು ನಾನೇ. ಅವನಿಗೆ ಅದರ ನೆನಪಿಲ್ಲ, ಇರುವುದಕ್ಕೆ ಸಾಧ್ಯವೇ ಇಲ್ಲ. ಅವನ ಚೀಲ, ಬಟ್ಟೆ, ವಿದ್ಯೆ ನನ್ನ ಕೈಯಲ್ಲಿದ್ದದ್ದು ಸಣ್ಣ ಮಾತು. ಅವನ ಮೇಲೆ ನಡೆದದ್ದನ್ನೇ ಅಳಿಸಿಬಿಡುವ ಒಂದು ಗುಂಡಿ ನನ್ನ ಬೆರಳಡಿ ಇತ್ತು. ಕಜಡೋರ್‌ಗೂ ಅಷ್ಟು ಅನುಕೂಲ ಇರಲಿಲ್ಲ.

ಪರದೆಯ ಕೆಳಗೆ ಉತ್ತರಗಳ ಪಟ್ಟಿ ಬಂತು. ಒಂದೊಂದೇ ಓದಿದೆ. ಎಲ್ಲ ಒಳ್ಳೆಯ ಮಾತುಗಳೇ. ನಾನು ಹೇಳಬೇಕಾಗಿದ್ದದ್ದು ಅದರಲ್ಲಿ ಇರಲಿಲ್ಲ.

‘ಏನಂತೆ?’ ಅಂದಳು ಅಕ್ಕ.

‘ಥ್ಯಾಂಕ್ಸ್ ಅಂತೆ.’

ಅವಳು ನಕ್ಕು ಪಾತ್ರೆ ನನ್ನ ಕಡೆ ತಳ್ಳಿದಳು. ಅಪ್ಪಿಕೊಳ್ಳುವುದು ಅನ್ನೋದನ್ನು ಒತ್ತಿ, ಕುರ್ಚಿ ತಿರುಗಿಸಿ, ಒಂದು ಹಿಡಿ ಕಾಳು ತೆಗೆದುಕೊಂಡೆ.