ಬಿಸಿಲೇರುವ ಮುಂಚೆ ದುರ್ಗ

ಐದು ಜನ ಒಂದು ಸಣ್ಣ ಕಾರಿನಲ್ಲಿ ದಾವಣಗೆರೆ ಬಿಟ್ಟು, ಚಿತ್ರದುರ್ಗದ ಕೋಟೆ, ಅದರ ಹತ್ತಿರದ ಚಂದ್ರವಳ್ಳಿ, ಹಿರಿಯೂರಿನ ಕಡೆಯ ಮಾರಿಕಣಿವೆ ಅಣೆಕಟ್ಟು ನೋಡಿಕೊಂಡು ರಾತ್ರಿ ಊಟಕ್ಕೆ ಮನೆ ಸೇರಬೇಕೆಂದರೆ ಒಟ್ಟು ಓಟ ಸುಮಾರು 240 ಕಿಲೋಮೀಟರ್. ಖರ್ಚು ಅಂದಕೂಡಲೇ ಎಲ್ಲರ ಬಾಯಲ್ಲೂ ಪೆಟ್ರೋಲಿನ ಮಾತೇ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ದುಡ್ಡು ಹೆಚ್ಚು ಕರಗುವುದು ಬಿಸಿಲಿಗೆ. ಹತ್ತು ಗಂಟೆಗೆ ಕೋಟೆ ಹತ್ತಲು ಶುರುಮಾಡಿದವರು ಹನ್ನೊಂದಕ್ಕೆ ನೀರಿನ ಬಾಟಲಿ ಕೊಳ್ಳುತ್ತಾರೆ, ಹನ್ನೆರಡಕ್ಕೆ ಜ್ಯೂಸು, ಒಂದಕ್ಕೆ ಎಸಿ ಇರುವ ಹೋಟೆಲು. ಎರಡು ಗಂಟೆಗೆ ಯಾರೋ ಒಬ್ಬರು "ಒಂದು ರೂಮ್ ಮಾಡಿ ಮಲಗೋಣ" ಅಂದೇ ಅನ್ನುತ್ತಾರೆ. ಬೆಳಿಗ್ಗೆ ಐದಕ್ಕೆ ಗಾಡಿ ಊರು ಬಿಟ್ಟಿದ್ದರೆ ಇದರಲ್ಲಿ ಮುಕ್ಕಾಲು ಪಾಲು ಖರ್ಚು ಹುಟ್ಟುವುದೇ ಇಲ್ಲ.

ಹೊರಡುವವರು ಇಬ್ಬರೋ ಮೂವರೋ ಆದರೆ ಕಾರಿನ ಮಾತೇ ಬೇಡ. ಅದರಲ್ಲೂ ಹೆಣ್ಣುಮಕ್ಕಳೇ ಹೆಚ್ಚಿದ್ದರೆ, 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಅವರಿಗೆ ಪುಕ್ಕಟೆ. ಇಷ್ಟು ದೂರಕ್ಕೆ ಕಾರು ಗಿಟ್ಟುವುದು ಸೀಟು ತುಂಬಿದಾಗ ಮಾತ್ರ.

ಟೈರಿಗೆ ಗಾಳಿ ಹೊರಡುವ ಹೊತ್ತಿಗೆ ಹಿಡಿಸಿದರಾಯಿತು ಎಂದುಕೊಂಡರೆ ಕೆಟ್ಟಿರಿ. ಬೆಳಗಿನ ಐದು ಗಂಟೆಗೆ ಬಂಕಿನಲ್ಲಿ ಗಾಳಿ ಹಿಡಿಯುವವನು ಇನ್ನೂ ಮಲಗಿರುತ್ತಾನೆ. ಹಿಂದಿನ ದಿನ ಬೆಳಿಗ್ಗೆ, ಮನೆಯಿಂದ ಎರಡು ಮೂರು ಕಿಲೋಮೀಟರಿನೊಳಗಿನ ಬಂಕಿನಲ್ಲಿ, ಟೈರು ತಣ್ಣಗಿರುವಾಗಲೇ ಆ ಕೆಲಸ ಮುಗಿಯಬೇಕು. ಎಷ್ಟು ಹಿಡಿಸಬೇಕು ಎನ್ನುವುದು ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ. ಬಹಳಷ್ಟು ಗಾಡಿಗಳಲ್ಲಿ ಎರಡು ಅಂಕಿ ಇರುತ್ತವೆ, ಒಂದಿಬ್ಬರು ಕೂತಾಗಿನದು ಮತ್ತು ಗಾಡಿ ತುಂಬಿದಾಗಿನದು. ಐದು ಜನ, ಡಿಕ್ಕಿಯಲ್ಲಿ ನೀರಿನ ಕ್ಯಾನು, ಬುತ್ತಿ ಎಂದರೆ ಎರಡನೆಯದೇ ಸರಿ. ಬಿಸಿಲಲ್ಲಿ ಐವತ್ತು ಕಿಲೋಮೀಟರ್ ಓಡಿದ ಮೇಲೆ ಅಳೆದರೆ ನಾಲ್ಕೈದು ಪಿಎಸ್‌ಐ ಏರಿರುತ್ತದೆ. ಅದು ಸಹಜ. "ಗಾಳಿ ಜಾಸ್ತಿ ಆಗಿದೆ, ಇಳಿಸ್ತೀನಿ" ಎಂದು ಯಾರಾದರೂ ಟೈರಿನ ವಾಲ್ವಿಗೆ ಕೈ ಹಾಕಿದರೆ ಬಿಡಬಾರದು. ಬಿಸಿಯಲ್ಲಿ ಇಳಿಸಿದ ಟೈರು ತಣ್ಣಗಾದಾಗ ಸೊರಗುತ್ತದೆ, ಸೊರಗಿದ ಟೈರು ಓಡುವಾಗ ಪಕ್ಕೆ ಮಡಚಿ ಇನ್ನಷ್ಟು ಕಾಯುತ್ತದೆ. ಮೈಲೇಜ್ ಹೋಗುವುದು ಒಂದು ಕಡೆ, ಬೇಸಿಗೆಯಲ್ಲಿ ಟೈರು ಒಡೆಯುವುದಕ್ಕೂ ಇದೇ ದಾರಿ. ನಾಲ್ಕು ಚಕ್ರ ನೋಡಿ ಸ್ಟೆಪ್ನಿ ಮರೆಯುವುದಂತೂ ಊರಿಗೆಲ್ಲ ಇರುವ ರೋಗ.

ಬಾನೆಟ್ ಎತ್ತಿದಾಗ ನೋಡಬೇಕಾದ್ದು ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ. ಎಂಜಿನ್ ತಣ್ಣಗಿರುವಾಗ ಮಟ್ಟ ಅದರ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆಯಾಗಿದ್ದರೆ ಬೋರಿನ ನೀರು ಸುರಿಯಬೇಡಿ. ನಮ್ಮ ಕಡೆಯ ಬೋರಿನ ನೀರು ಗಡಸು. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಒಳಗೂ ಕಟ್ಟುತ್ತದೆ. ಕೂಲಂಟ್ ಸಿಗದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ರಬ್ಬರ್ ಪೈಪುಗಳನ್ನು ಒಮ್ಮೆ ಹಿಚುಕಿ ನೋಡಿ, ಬಿರುಕು ಕಂಡರೆ ಬದಲಾಯಿಸಿಬಿಡಿ. ಹೆದ್ದಾರಿಯಲ್ಲಿ ಪೈಪು ಒಡೆದು ಗಾಡಿ ಎಳೆಸಿಕೊಂಡು ಹೋಗುವ ದುಡ್ಡಿಗೆ ಇಂಥ ಎಷ್ಟೋ ಪೈಪು ಬರುತ್ತವೆ.

ಫಾಸ್ಟ್ಯಾಗಿಗೆ ಹಿಂದಿನ ರಾತ್ರಿಯೇ ದುಡ್ಡು ಹಾಕಿರಬೇಕು. ಟ್ಯಾಗ್ ಕೈಕೊಟ್ಟರೆ, 2025ರ ನವೆಂಬರ್ 15ರ ನಿಯಮದಂತೆ ಯುಪಿಐನಲ್ಲಿ ಒಂದೂಕಾಲು ಪಟ್ಟು ಕಟ್ಟಬೇಕು. ದುರ್ಗಕ್ಕೆ ಮುಂಚೆ ಹೆಬ್ಬಾಳು, ದುರ್ಗ ದಾಟಿ ಹಿರಿಯೂರಿನ ಕಡೆಗೆ ಗುಯಿಲಾಳು, ಹೀಗೆ ಎರಡು ಟೋಲ್. ಅದೇ ಟೋಲಿಗೆ 24 ಗಂಟೆಯೊಳಗೆ ವಾಪಸ್ ಬಂದರೆ ಹೋಗಿಬರುವುದು ಸೇರಿ ಒಂದೂವರೆ ಪಟ್ಟು ಮಾತ್ರ, ಬರುವಾಗ ಅರ್ಧವೇ ಕಡಿತವಾಗುತ್ತದೆ. ನೆಂಟರ ಮನೆಯಲ್ಲಿ ಉಳಿದು ಮರುದಿನ ಹೊರಡುವವರು ಹಿಂದಿನ ದಿನ ಟೋಲ್ ದಾಟಿದ ಗಂಟೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಎನ್‌ಎಚ್ 48ಕ್ಕೆ ಬಿದ್ದಮೇಲೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ದುರ್ಗದವರೆಗಿನ 60 ಕಿಲೋಮೀಟರನ್ನು 80ರ ವೇಗದಲ್ಲಿ ಹೋದರೆ 45 ನಿಮಿಷ, 110ರಲ್ಲಿ ಹೋದರೆ 33. ಉಳಿಯುವುದು ಹನ್ನೆರಡು ನಿಮಿಷ. ಅಷ್ಟಕ್ಕೆ ಎದುರುಗಾಳಿಯ ತಡೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಲೀಟರಿಗೆ 19 ಕೊಡುವ ಗಾಡಿ 16ಕ್ಕೆ ಇಳಿದರೆ ಈ ಪ್ರಯಾಣಕ್ಕೆ ಎರಡೂವರೆ ಲೀಟರಿನಷ್ಟು ಹೆಚ್ಚು ಬೇಕು, ಅಂದರೆ ಇನ್ನೂರೈವತ್ತು ರೂಪಾಯಿಯ ಆಸುಪಾಸು.

ಕೋಟೆಯ ಟಿಕೆಟ್ ದೊಡ್ಡ ಖರ್ಚಲ್ಲ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಬೇಕೂ ಇಲ್ಲ. ಗೈಡ್ ಬೇಕಿದ್ದರೆ ದರ ಬಾಗಿಲಲ್ಲೇ ಮಾತಾಡಿಕೊಳ್ಳಿ. ಬಹಳ ಜನ ಮೊದಲು ಓಬವ್ವನ ಕಿಂಡಿಗೆ ಓಡುತ್ತಾರೆ. ಬೇಸಿಗೆಯಲ್ಲಿ ಇದು ತಿರುಗಾಮುರುಗಾ ಆಗಬೇಕು. ಎಲ್ಲಕ್ಕಿಂತ ಎತ್ತರದ ಕಾವಲು ಬುರುಜು ತುಪ್ಪದ ಕೊಳದ ಬತೇರಿಗೆ ಬೋಳು ಬಂಡೆಯ ಮೇಲೆ ಕಾಲು ಊರಲು ಕೊರೆದ ಗುಳಿಗಳನ್ನು ಹಿಡಿದೇ ಹತ್ತಬೇಕು. ಎಂಟು ಗಂಟೆಯೊಳಗೆ ಆ ಬಂಡೆ ತಂಪಾಗಿರುತ್ತದೆ, ಆಮೇಲೆ ಅಂಗೈ ಇಡಲಾಗುವುದಿಲ್ಲ. ಅದನ್ನು ಇಳಿದು, ಹಿಡಿಂಬೇಶ್ವರ, ಅಕ್ಕತಂಗಿಯರ ಹೊಂಡ ಮುಗಿಸಿ, ಕಿಂಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ಗುಡಿಗಳ ಮುಂದೆ ಚಪ್ಪಲಿ ಬಿಟ್ಟಾಗ ಕಲ್ಲು ಚುರುಗುಟ್ಟುತ್ತದೆ, ಜೇಬಿನಲ್ಲಿ ಒಂದು ಜೊತೆ ಕಾಲುಚೀಲ ಇರಲಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಮಾತ್ರ ಬೇಡ. ಒಳಗೆ ಏನಿದ್ದರೂ ಕೋತಿಗಳ ಲೆಕ್ಕದಲ್ಲಿ ಅದು ತಿಂಡಿಯೇ.

ನೀರಿನ ಲೆಕ್ಕ ಬಲು ಸುಲಭ. ಒಬ್ಬರಿಗೆ ಮೂರು ಲೀಟರಿನಂತೆ ಐದು ಜನಕ್ಕೆ ಹದಿನೈದು. ಇಪ್ಪತ್ತು ರೂಪಾಯಿಯ ಬಾಟಲಿಗಳಾದರೆ ಮುನ್ನೂರು ರೂಪಾಯಿ. ಊರಿನ ಶುದ್ಧ ನೀರಿನ ಘಟಕದಲ್ಲಿ ಇಪ್ಪತ್ತು ಲೀಟರಿನ ಕ್ಯಾನು ಐದೋ ಹತ್ತೋ ರೂಪಾಯಿಗೆ ತುಂಬುತ್ತದೆ. ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತಿ, ಗಾಳಿಯಾಡುವ ನೆರಳಿನಲ್ಲಿ ಇಳಿಸಿಟ್ಟರೆ ನೀರು ತಂಪಾಗುತ್ತದೆ. ಮುಚ್ಚಿದ ಡಿಕ್ಕಿಯಲ್ಲಿ ಹೀಗೆ ಆಗದು, ಅಲ್ಲಿ ಗಾಳಿಯೇ ಇಲ್ಲ.

ಬುತ್ತಿಯಲ್ಲಿ ಕೈಕೊಡುವುದು ಮೊಸರನ್ನ. ರಾತ್ರಿಯ ಮೊಸರಲ್ಲೇ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಹುಳಿ. ಅನ್ನವನ್ನು ಮೆತ್ತಗೆ ಮಾಡಿ, ಕಾಯಿಸಿ ಆರಿಸಿದ ಹಾಲು ಧಾರಾಳವಾಗಿ ಹಾಕಿ, ಒಂದೆರಡು ಚಮಚ ಮೊಸರು ಮಾತ್ರ ಬೆರೆಸಿ. ದಾರಿಯಲ್ಲೇ ಹೆಪ್ಪಾಗಿ ಊಟದ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಹಸಿ ತೆಂಗಿನಕಾಯಿ ಬಿದ್ದ ಚಟ್ನಿ ಬೇಗ ಹಳಸುತ್ತದೆ, ಅದರ ಬದಲು ಶೇಂಗಾ ಚಟ್ನಿಪುಡಿ, ಕಟಿ ರೊಟ್ಟಿ, ಹುಳಿಯನ್ನ ನಂಬಬಹುದು.

ಹನ್ನೊಂದರಿಂದ ನಾಲ್ಕರವರೆಗೆ ಚಂದ್ರವಳ್ಳಿ. ಕೆರೆಯ ಪಕ್ಕ ನೆರಳಿದೆ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಅಂಕಲಿ ಮಠದ ಗುಹೆ ನೆಲದಡಿಗಿದ್ದು ಸುಡುಬಿಸಿಲಲ್ಲೂ ತಂಪು. ಒಳಗೆ ಕಗ್ಗತ್ತಲು, ದಾರಿ ಬಲ್ಲವರಿಲ್ಲದೆ ಇಳಿಯಬಾರದು. ಟಾರ್ಚಿಗೆ ಹಿಂದಿನ ರಾತ್ರಿಯೇ ಚಾರ್ಜ್ ಆಗಿರಲಿ. ಗಾಡಿಯಲ್ಲೇ ಎಸಿ ಹಾಕಿಕೊಂಡು ಕೂರುವುದು ಮಾತ್ರ ದಡ್ಡತನ, ನಿಂತಲ್ಲೇ ಪೆಟ್ರೋಲ್ ಉರಿಯುತ್ತಿರುತ್ತದೆ. ಹೊರಡುವಾಗ ಎರಡು ನಿಮಿಷ ನಾಲ್ಕೂ ಕಿಟಕಿ ಇಳಿಸಿ ಓಡಿಸಿ, ಒಳಗಿನ ಕಾವು ಹೋದಮೇಲೆ ಎಸಿ ಹಾಕಿದರೆ ಅದಕ್ಕೂ ಕಷ್ಟ ಕಡಿಮೆ.

ಮಾರಿಕಣಿವೆಗೆ ಸಂಜೆಯೇ ಸರಿ. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಈ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಕಂಡದ್ದು 2022ರಲ್ಲಿ. ನೀರಿಗಂತೂ ಇಳಿಯಬೇಡಿ. ಇಲ್ಲಿಗೆ ತಕ್ಕದ್ದು ಮಂಡಕ್ಕಿ. ಮನೆಯಲ್ಲೇ ಕಲಸಿ ತಂದರೆ ಚಪ್ಪೆಯಾಗಿ ಮೆತ್ತಗಾಗುತ್ತದೆ. ಭಟ್ಟಿಯಿಂದ ತಂದ ಒಣ ಮಂಡಕ್ಕಿ ಒಂದು ಚೀಲದಲ್ಲಿ, ಆರಿಸಿದ ಒಗ್ಗರಣೆ ಡಬ್ಬಿಯಲ್ಲಿ, ಹುರಿಗಡಲೆ ಪುಡಿ ಪೊಟ್ಟಣದಲ್ಲಿ ಬೇರೆಬೇರೆ ಇರಲಿ. ಈರುಳ್ಳಿಯನ್ನು ಅಲ್ಲೇ ಹೆಚ್ಚಿ. ಚಾಕು ಮರೆತಿದ್ದರೆ ಕಲ್ಲಿನ ಮೇಲಿಟ್ಟು ಗುದ್ದಿ ಒಡೆದರೂ ನಡೆಯುತ್ತದೆ, ರುಚಿ ಒಂದು ಕೈ ಮೇಲೆಯೇ.