ಯುದ್ಧದ ಸುದ್ದಿ ಡೆಸ್ಕಿನಲ್ಲೂ ಕೆಡುತ್ತದೆ

ವಿದೇಶ ಸುದ್ದಿಯ ಡೆಸ್ಕಿನಲ್ಲಿ ಕೂತು ಬಹಳ ವರ್ಷ ಆಯಿತು. ಈ ಕೆಲಸದಲ್ಲಿ ಗುಂಡಿನ ಸದ್ದು ಕೇಳುವುದಿಲ್ಲ. ಸುದ್ದಿ ಸಂಸ್ಥೆಗಳ ಬರಹ, ಅಂದರೆ ಏಜೆನ್ಸಿ ಕಾಪಿ ಬರುತ್ತದೆ, ಕನ್ನಡ ಮಾಡುತ್ತೇವೆ, ಜಾಗಕ್ಕೆ ತಕ್ಕಂತೆ ಕತ್ತರಿಸುತ್ತೇವೆ, ಹೆಡ್ಡಿಂಗ್ ಕೊಟ್ಟು ಪುಟಕ್ಕೆ ಬಿಡುತ್ತೇವೆ. ಯುದ್ಧ ವರದಿ ಅಂದರೆ ಎಲ್ಲರಿಗೂ ನೆನಪಾಗುವುದು ಹೆಲ್ಮೆಟ್ ಹಾಕಿದ ವರದಿಗಾರ. ಅವನು ಕಳಿಸಿದ್ದು ಒಂದು, ಓದುಗರ ಕೈಗೆ ಸಿಕ್ಕಿದ್ದು ಇನ್ನೊಂದು ಆಗಿದ್ದರೆ, ನಡುವೆ ನಮ್ಮಂಥ ಕುರ್ಚಿಯವರು ಇರುತ್ತೇವೆ.

ಡೆಸ್ಕಿಗೆ ಹೊಸಬರು ಬಂದಾಗ ನಾನು ವಿಯೆಟ್ನಾಂ ಯುದ್ಧದ ಕತೆಗಳನ್ನೇ ಹೇಳುತ್ತೇನೆ. ಹಳೇ ಕಾಲದ್ದು ಅಂತ ಅವರು ಮುಖ ಸಿಂಡರಿಸುವುದೂ ಉಂಟು. ಆದರೆ ಆ ಯುದ್ಧ, ಒಂದು ಕಡೆ ಕಮ್ಯುನಿಸ್ಟ್ ಉತ್ತರ ವಿಯೆಟ್ನಾಂ ಮತ್ತು ಅದರ ಜೊತೆಗಿದ್ದ ಗೆರಿಲ್ಲಾಗಳು, ಇನ್ನೊಂದು ಕಡೆ ದಕ್ಷಿಣ ವಿಯೆಟ್ನಾಂ ಮತ್ತು ಅದರ ಬೆನ್ನಿಗಿದ್ದ ಅಮೆರಿಕ, ವರ್ಷಗಟ್ಟಲೆ ನಡೆಯಿತು. ಅಮೆರಿಕದವರನ್ನು ಮನೆಮನೆಯಲ್ಲೂ ಎರಡು ಪಾಲು ಮಾಡಿತು. ಅಮೆರಿಕದ ಸೇನೆ ಅಲ್ಲಿ ವರದಿಗಾರರಿಗೆ ಕೆಲವು ನಿಯಮ ಹಾಕಿತ್ತೇ ಹೊರತು ಕಾಪಿಯನ್ನು ಮೊದಲೇ ನೋಡಿ ಅಳಿಸುವ ಪದ್ಧತಿ ಇರಲಿಲ್ಲ. ಹಾಗಾಗಿ ಸುದ್ದಿ ಎಲ್ಲಿ ಕೆಟ್ಟಿತು ಅಂತ ಹುಡುಕಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

1963ರಲ್ಲಿ ಅಮೆರಿಕದ ಟೈಮ್ ವಾರಪತ್ರಿಕೆಯ ಚಾರ್ಲ್ಸ್ ಮೋರ್ ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನಿನಿಂದ ಒಂದು ದೊಡ್ಡ ವರದಿ ಕಳಿಸಿದರು. ಯುದ್ಧವನ್ನು ಸೋಲುತ್ತಿದ್ದೇವೆ ಅನ್ನುವುದೇ ಅದರ ತಿರುಳು. ನ್ಯೂಯಾರ್ಕಿನ ಸಂಪಾದಕರ ಕೈ ದಾಟಿ ಅಚ್ಚಾಗುವ ಹೊತ್ತಿಗೆ ಅದು ಎಲ್ಲ ಚೆನ್ನಾಗಿದೆ ಅನ್ನುವ ಧಾಟಿಗೆ ತಿರುಗಿತ್ತು. ಮೇಲಿಂದ, ಸೈಗಾನಿನ ವರದಿಗಾರರು ಒಬ್ಬರನ್ನೊಬ್ಬರು ನಂಬಿಕೊಂಡು ತಪ್ಪು ಚಿತ್ರ ಕೊಡುತ್ತಿದ್ದಾರೆ ಅಂತ ಅದೇ ಪತ್ರಿಕೆ ಬರೆಯಿತು. ಮೋರ್ ರಾಜೀನಾಮೆ ಕೊಟ್ಟರು.

ಹೊಸಬರಿಗೆ ಇದು ದೊಡ್ಡ ಸಂಚಿನ ಹಾಗೆ ಕಾಣುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಅರ್ಥ ತಿರುಗಿಸಲು ಒಂದು ಸುಳ್ಳು ವಾಕ್ಯವನ್ನೂ ಬರೆಯಬೇಕಿಲ್ಲ. ಆರನೇ ಪ್ಯಾರಾವನ್ನು ಮೇಲೆ ತಂದು, ಮೊದಲನೆಯದನ್ನು ಕೆಳಗೆ ತಳ್ಳಿದರೆ ಸಾಕು. ಜಾಗ ಕಡಿಮೆ ಬಿದ್ದರೆ ಕೆಳಗಿನದ್ದು ತಾನೇ ಹೋಗುತ್ತದೆ. ಅದಕ್ಕೇ ನಾನು ಲೀಡ್, ಅಂದರೆ ವರದಿಯ ಮೊದಲ ಪ್ಯಾರಾ ಬದಲಿಸುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ವರದಿಗಾರ ಇದನ್ನು ಮೊದಲು ಇಟ್ಟದ್ದು ಯಾಕೆ? ಉತ್ತರ ಗೊತ್ತಿಲ್ಲದೆ ಕೈ ಹಾಕುವುದಿಲ್ಲ.

ಡೆಸ್ಕಿನಲ್ಲಿ ಸುದ್ದಿ ಕೆಡುವ ಎರಡನೆಯ ದಾರಿ 'ಬ್ಯಾಲೆನ್ಸ್', ಅಂದರೆ ಎರಡೂ ಕಡೆಗೆ ಸಮ ಜಾಗ ಕೊಡುವುದು. ಜನ ಎರಡು ಪಾಲಾದ ಯುದ್ಧದಲ್ಲಿ ಡೆಸ್ಕಿಗೆ ಎರಡೂ ಕಡೆಯಿಂದ ಬೈಗುಳ ಬರುತ್ತದೆ. ಇಬ್ಬರೂ ಬೈಯುತ್ತಿದ್ದಾರೆ ಅಂದರೆ ನಾವು ಸರಿ ಇದ್ದೇವೆ ಅಂತ ನಮ್ಮಲ್ಲಿ ಒಂದು ಸಮಾಧಾನದ ಮಾತಿದೆ. ನನಗೆ ಆ ಮಾತಿನ ಮೇಲೆ ನಂಬಿಕೆ ಇಲ್ಲ. ಪೂರ್ತಿ ತಪ್ಪು ಬರೆದರೂ ಇಬ್ಬರೂ ಬೈಯಬಹುದು, ಅಲ್ವಾ?

1963ರ ಜನವರಿ 2ರಂದು ಆಪ್ ಬಾಕ್ ಅನ್ನುವ ಹಳ್ಳಿಯ ಹತ್ತಿರ ಕದನ ನಡೆಯಿತು. ದಕ್ಷಿಣ ವಿಯೆಟ್ನಾಂ ಸೈನ್ಯದ ಸಂಖ್ಯೆ ಎದುರಾಳಿಗಿಂತ ಎಷ್ಟೋ ಜಾಸ್ತಿ ಇತ್ತು, ಜೊತೆಗೆ ಅಮೆರಿಕದ ಹೆಲಿಕಾಪ್ಟರ್ ಬೇರೆ. ಆದರೂ ಐದು ಹೆಲಿಕಾಪ್ಟರ್ ಬಿದ್ದವು, ಮೂವರು ಅಮೆರಿಕನ್ನರು ಸತ್ತರು. ಗೆರಿಲ್ಲಾಗಳು ರಾತ್ರಿ ಜಾರಿಕೊಂಡರು. ಮರುದಿನ ಅಲ್ಲಿನ ಅಮೆರಿಕದ ಸೇನೆಯ ಮುಖ್ಯಸ್ಥ ಜನರಲ್ ಪಾಲ್ ಹಾರ್ಕಿನ್ಸ್ ವರದಿಗಾರರಿಗೆ, ಶತ್ರು ಬಲೆಗೆ ಬಿದ್ದಿದ್ದಾನೆ, ಇನ್ನೇನು ಮುಗಿಸುತ್ತೇವೆ ಅನ್ನುವ ಅರ್ಥದಲ್ಲಿ ಹೇಳಿದರು. ಬಲೆಯಲ್ಲಿ ಯಾರೂ ಇರಲಿಲ್ಲ. ಯುಪಿಐ ಅನ್ನುವ ಅಮೆರಿಕದ ಸುದ್ದಿ ಸಂಸ್ಥೆಯ ನೀಲ್ ಶೀಹನ್ ಆ ಗದ್ದೆಗಳಿಗೇ ಹೋಗಿ, ಬಿದ್ದಿದ್ದ ಹೆಣಗಳನ್ನೂ ಹೆಲಿಕಾಪ್ಟರುಗಳನ್ನೂ ಕಣ್ಣಾರೆ ನೋಡಿದ್ದರು.

ಈ ಕಾಪಿ ಡೆಸ್ಕಿಗೆ ಬಂದರೆ ಏನು ಮಾಡುತ್ತೀರಿ ಅಂತ ಕೇಳುತ್ತೇನೆ. ಹೆಚ್ಚಿನವರು ಹೇಳುವುದು, ಜನರಲ್‌ಗೆ ಎರಡು ಪ್ಯಾರಾ, ವರದಿಗಾರನಿಗೆ ಎರಡು ಪ್ಯಾರಾ. ನ್ಯಾಯ ಅಂದರೆ ಅದೇ ಅಂತ ನಾವೆಲ್ಲ ಕಲಿತಿದ್ದೇವೆ. ಆದರೆ ಒಬ್ಬರು ನೋಡಿದ್ದಾರೆ, ಇನ್ನೊಬ್ಬರು ಹೇಳುತ್ತಿದ್ದಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಸಮ ತೂಗಿಸಿದರೆ ಹೇಳಿದವರೇ ಗೆಲ್ಲುತ್ತಾರೆ. ನೋಡಿದ್ದು ಮೊದಲು ಬರಬೇಕು. ಜನರಲ್ ಮಾತೂ ಇರಲಿ, ಯಾವಾಗ ಎಲ್ಲಿ ನಿಂತು ಹೇಳಿದರು ಅನ್ನುವುದರ ಜೊತೆ ಇರಲಿ.

ಇನ್ನೊಂದು ವಿಷಯ. ಶೀಹನ್, ನ್ಯೂಯಾರ್ಕ್ ಟೈಮ್ಸಿನ ಡೇವಿಡ್ ಹಾಲ್ಬರ್‌ಸ್ಟ್ಯಾಮ್ ಇವರೆಲ್ಲ ಆಗ ಯುದ್ಧದ ವಿರೋಧಿಗಳಾಗಿರಲಿಲ್ಲ. ಹೀಗೆ ನಡೆಸಿದರೆ ಗೆಲ್ಲುವುದಿಲ್ಲ ಅನ್ನುವುದಷ್ಟೇ ಅವರ ತಕರಾರು. ಅಷ್ಟಕ್ಕೇ ಅಧಿಕಾರದಲ್ಲಿದ್ದವರು ಅವರನ್ನು ದೇಶದ್ರೋಹಿಗಳೆಂಬಂತೆ ನೋಡಿದರು. 1963ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕೆನಡಿಯೇ, ಹಾಲ್ಬರ್‌ಸ್ಟ್ಯಾಮ್‌ರನ್ನು ಅಲ್ಲಿಂದ ಬದಲಿಸಬಾರದೇ ಅಂತ ಪತ್ರಿಕೆಯ ಪ್ರಕಾಶಕರ ಹತ್ತಿರ ಮಾತು ತೆಗೆದರು. ಪ್ರಕಾಶಕರು ಒಪ್ಪಲಿಲ್ಲ. ಮರುವರ್ಷ ಹಾಲ್ಬರ್‌ಸ್ಟ್ಯಾಮ್‌ಗೂ ಎಪಿ ಸುದ್ದಿ ಸಂಸ್ಥೆಯ ಮಾಲ್ಕಮ್ ಬ್ರೌನ್‌ಗೂ ಪತ್ರಿಕೋದ್ಯಮದ ದೊಡ್ಡ ಬಹುಮಾನವಾದ ಪುಲಿಟ್ಜರ್ ಬಂತು.

ಹಾಗಂತ ನೋಡಿ ಬಂದವರ ಕಾಪಿಯನ್ನು ಸುಮ್ನೆ ಬಿಟ್ಟುಬಿಡಬೇಕು ಅಂತಲ್ಲ. ಹ್ಯಾರಿಸನ್ ಸಾಲ್ಸ್‌ಬರಿ ಕತೆ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಅದಕ್ಕೇ. 1966ರ ಡಿಸೆಂಬರಿನಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್ ಪರವಾಗಿ ಉತ್ತರ ವಿಯೆಟ್ನಾಂ ರಾಜಧಾನಿ ಹನೋಯ್‌ಗೆ ಹೋದರು. ಬಾಂಬು ಬೀಳುವುದು ಸೇನೆಯ ಗುರಿಗಳ ಮೇಲೆ ಅಂತ ಅಮೆರಿಕ ಸರ್ಕಾರ ಹೇಳುತ್ತಿದ್ದ ಕಾಲ. ಜನ ವಾಸಿಸುವ ಬೀದಿಗಳು ಒಡೆದು ಬಿದ್ದದ್ದನ್ನು ಅವರು ನೋಡಿ ಬರೆದರು. ಅದು ನಿಜವೇ ಆಗಿತ್ತು. ಆದರೆ ನಾಮ್ ದಿನ್ ಊರಿನಲ್ಲಿ ಸತ್ತವರ ಸಂಖ್ಯೆ ಕೊಟ್ಟಾಗ, ಅದು ಉತ್ತರ ವಿಯೆಟ್ನಾಂ ಕಡೆಯವರ ಲೆಕ್ಕ ಅನ್ನುವುದು ವರದಿಯಲ್ಲಿ ಇರಲಿಲ್ಲ. ಅದೇ ಸಂಖ್ಯೆ ಆ ಕಡೆಯವರ ಪ್ರಚಾರದ ಪುಸ್ತಿಕೆಯೊಂದರಲ್ಲಿತ್ತು. ಟೀಕಿಸುವವರಿಗೆ ಅಷ್ಟು ಸಾಕಾಯಿತು. ಒಡೆದ ಬೀದಿಯ ಮಾತು ಬದಿಗೆ ಸರಿದು ಪುಸ್ತಿಕೆಯ ಮಾತೇ ದೊಡ್ಡದಾಯಿತು. ಪುಲಿಟ್ಜರ್ ತೀರ್ಪುಗಾರರು ಅವರನ್ನು ಆರಿಸಿದರೂ ಮೇಲಿನ ಮಂಡಳಿ ಒಪ್ಪಲಿಲ್ಲ.

'ಅಧಿಕಾರಿಗಳ ಪ್ರಕಾರ' ಅಂತ ಎರಡು ಪದ ಸೇರಿಸಲು ಡೆಸ್ಕಿನವರಿಗೆ ಎಷ್ಟು ಹೊತ್ತು ಬೇಕು? ಅದೂ ದೂರದಲ್ಲಿ, ಬಿಸಿ ಕಾಫಿ ಪಕ್ಕಕ್ಕಿಟ್ಟುಕೊಂಡು ಕೂತವರಿಗೆ? ಈ ಕತೆ ಗೊತ್ತಾದಂದಿನಿಂದ ಇದು ನನ್ನ ಅಭ್ಯಾಸ: ಯುದ್ಧದ ಕಾಪಿಯಲ್ಲಿ ನೋಡಿದ್ದಕ್ಕೆ ಒಂದು ಬಣ್ಣ, ಕೇಳಿದ್ದಕ್ಕೆ ಇನ್ನೊಂದು ಬಣ್ಣ ಹಚ್ಚುತ್ತೇನೆ. ಬಣ್ಣ ಹಚ್ಚಲಾಗದ ಸಾಲು ಉಳಿದರೆ ಏಜೆನ್ಸಿಗೆ ಕೇಳುತ್ತೇನೆ, ಇಲ್ಲವೇ ತೆಗೆಯುತ್ತೇನೆ. ಡೆಡ್‌ಲೈನ್ ಹತ್ತಿರ ಬಂದಾಗ ಇದು ಪಕ್ಕದವರಿಗೆ ಕಿರಿಕಿರಿ, ಗೊತ್ತು.

ಸಂಖ್ಯೆಗಳ ಬಗ್ಗೆ ಇನ್ನೊಂದು. 1968ರ ಮಾರ್ಚ್ 16ರ ಕಾರ್ಯಾಚರಣೆಯಲ್ಲಿ 128 ಶತ್ರುಗಳು ಸತ್ತರು ಅಂತ ಅಮೆರಿಕದ ಸೇನೆ ಹೇಳಿತು. ಪತ್ರಿಕೆಗಳು ಹಾಗೇ ಹಾಕಿದವು. ಸೇನೆಯದೇ ಲೆಕ್ಕದಲ್ಲಿ ಸಿಕ್ಕಿದ್ದ ಬಂದೂಕುಗಳು ಮೂರು. ಬರಿಗೈಯಲ್ಲಿ ಯುದ್ಧಕ್ಕೆ ಬಂದ ಸೈನ್ಯವೇ ಅದು? ಅದು ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನಡೆಸಿದ ಹತ್ಯಾಕಾಂಡ. ಸತ್ತವರು ಹಳ್ಳಿಯ ಹೆಂಗಸರು, ಮಕ್ಕಳು, ಮುದುಕರು. ವಿಯೆಟ್ನಾಂ ಲೆಕ್ಕದಲ್ಲಿ 504 ಜನ. ಸುದ್ದಿ ಹೊರಬಂದದ್ದು 1969ರ ನವೆಂಬರಿನಲ್ಲಿ. ತಂದವರು ಅಮೆರಿಕದ ಪತ್ರಕರ್ತ ಸೀಮೋರ್ ಹರ್ಶ್, ಅದೂ ವಿಯೆಟ್ನಾಂಗೆ ಹೋಗದೆ, ಅಮೆರಿಕದಲ್ಲೇ ಫೋನ್ ಮಾಡಿ, ಊರೂರು ಸುತ್ತಿ, ಅಲ್ಲಿದ್ದ ಸೈನಿಕರನ್ನು ಹುಡುಕಿ ಮಾತಾಡಿಸಿ. ದೂರ ಕೂತವರಿಗೆ ಏನೂ ಗೊತ್ತಾಗುವುದಿಲ್ಲ ಅನ್ನುವವರಿಗೆ ಇದನ್ನು ಹೇಳುತ್ತೇನೆ.

ಕೊನೆಗೆ ದಣಿವು. ಯುದ್ಧ ಹಳೆಯದಾದಂತೆ ಸುದ್ದಿ ಮುಖಪುಟದಿಂದ ಒಳಪುಟಕ್ಕೆ, ಅಲ್ಲಿಂದ ಸಿಂಗಲ್ ಕಾಲಂಗೆ ಇಳಿಯುತ್ತದೆ. ಸಾವಿನ ಸಂಖ್ಯೆ ಹವಾಮಾನದ ಅಂಕಿಯ ಹಾಗೆ ಆಗಿಬಿಡುತ್ತದೆ. 1969ರ ಜೂನಿನಲ್ಲಿ ಅಮೆರಿಕದ ಲೈಫ್ ಪತ್ರಿಕೆ ಇದಕ್ಕೆ ಒಂದು ದಾರಿ ಹುಡುಕಿತು. ಒಂದೇ ವಾರದ ಸಾವಿನ ಲೆಕ್ಕದಲ್ಲಿದ್ದ 242 ಅಮೆರಿಕನ್ ಸೈನಿಕರಲ್ಲಿ ಬಹುತೇಕರ ಫೋಟೊಗಳನ್ನು ಮನೆಯವರಿಂದ ತರಿಸಿ, ಹೆಸರು ವಯಸ್ಸಿನ ಜೊತೆ ಸಾಲಾಗಿ ಹಾಕಿತು. ಹೊಸ ಮಾಹಿತಿ ಏನೂ ಇಲ್ಲ. ಸಂಖ್ಯೆ ಆಗಲೇ ಪ್ರಕಟವಾಗಿತ್ತು. ಆದರೂ ದೇಶ ನಿಂತು ನೋಡಿತು. ಪೂರ್ತಿ ಡೆಸ್ಕಿನ ಕೆಲಸ ಅದು. ಅದೇ ವಾರ ಸತ್ತ ವಿಯೆಟ್ನಾಮಿನವರ ಫೋಟೊ ಅದರಲ್ಲಿ ಇರಲಿಲ್ಲ ಅನ್ನುವುದನ್ನೂ ಹೇಳಬೇಕು.

ನಮ್ಮ ಪುಟದಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಆದರೆ ಏಜೆನ್ಸಿ ಕಾಪಿಯ ಕೊನೆಯಲ್ಲಿ ಸತ್ತವರ ಹೆಸರು, ವಯಸ್ಸು, ಏನು ಕೆಲಸ ಮಾಡುತ್ತಿದ್ದರು ಅಂತ ಒಂದು ಸಾಲು ಬಂದರೆ ನಾನು ಅದನ್ನು ಉಳಿಸಿಕೊಳ್ಳುತ್ತೇನೆ. ಅದಕ್ಕೆ ಬದಲಾಗಿ ರಕ್ಷಣಾ ಸಚಿವರ ಖಂಡನೆಯನ್ನು ಕತ್ತರಿಸುತ್ತೇನೆ. ಸಚಿವರ ಖಂಡನೆ ಎಲ್ಲಿ ಹೋಯಿತು ಅಂತ ಇವತ್ತಿನವರೆಗೂ ಯಾವ ಓದುಗರೂ ಫೋನ್ ಮಾಡಿ ಕೇಳಿಲ್ಲ.